ಹದಿನೆಂಟರ ಕೈಗೆ 450 ಅಶ್ವಶಕ್ತಿಯ ಕೀಲಿ ಕೊಡಬಹುದಾ?

(ಇದೊಂದು ಮಾತುಕತೆ. ಪ್ರತಿ ಮಾತಿನ ಮುಂದಿರೋದು ಆಡಿದವರ ಅಡ್ಡಹೆಸರು.)

ಹಿಂದಿನ ಸೀಟು:
ಲೈಸೆನ್ಸ್ ಬಂದು ಎರಡು ತಿಂಗಳಾದ 18ರ ಹುಡುಗ. ಮನೆಯಲ್ಲಿ ನಿಂತಿರೋದು ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು: 450 ಅಶ್ವಶಕ್ತಿ, 1650 ಕಿಲೊ ತೂಕ, ಹಿಂದಿನ ಚಕ್ರಕ್ಕೆ ಡ್ರೈವ್, ಆಟೊಮ್ಯಾಟಿಕ್ ಗೇರು. ಕೀಲಿ ಕೊಡಬೇಕಾ ಬೇಡವಾ ಅನ್ನೋದು ಪ್ರಶ್ನೆ. "ಹುಡುಗ ಸಂಭಾವಿತ, ಕುಡಿಯಲ್ಲ, ರೇಸಿನ ಹುಚ್ಚಿಲ್ಲ, ಕೊಡಿ" ಅಂತ ಒಂದು ಗುಂಪು. "ಮುಟ್ಟಿಸಲೇಬೇಡಿ" ಅಂತ ಇನ್ನೊಂದು. ನೀತಿಪಾಠ ಎರಡೂ ಕಡೆಯಿಂದ ಸಾಕಷ್ಟಾಗಿದೆ. ಕಾರಿನ ಲೆಕ್ಕದಲ್ಲಿ ಹೇಳಿ. ಏನು ಕೆಡುತ್ತೆ, ಯಾಕೆ ಕೆಡುತ್ತೆ, ಅದನ್ನ ಕಡಿಮೆ ಮಾಡೋ ದಾರಿ ಇದೆಯಾ?

ಹಳೇ ಗೇರ್‌ಬಾಕ್ಸ್:
ಹುಡುಗನ ಸ್ವಭಾವ ಪಕ್ಕಕ್ಕಿಡಿ. ಹೊಸದಾಗಿ ಓಡಿಸೋರು ಯಾರೇ ಆಗಲಿ ಕಲಿಯೋದು ತಪ್ಪು ಮಾಡಿಯೇ. ತಿರುವಿನ ಅಂದಾಜು ತಪ್ಪುತ್ತೆ, ಎದುರು ಗಾಡಿ ಎಷ್ಟು ಬೇಗ ಬರ್ತಿದೆ ಅನ್ನೋದು ತಪ್ಪುತ್ತೆ, ಪೆಡಲ್ ಸ್ವಲ್ಪ ಜಾಸ್ತಿ ಒತ್ತಿ ಹೋಗುತ್ತೆ. ಸಾಧಾರಣ ಕಾರಿನಲ್ಲಿ ಇಂಥ ತಪ್ಪಿಗೆ ಎರಡು ಮೂರು ಸೆಕೆಂಡ್ ವಾಯಿದೆ ಸಿಗುತ್ತೆ. ನಿಮ್ಮ ಕಾರಿನಲ್ಲಿ ಸಿಗಲ್ಲ.

ಲೆಕ್ಕ ನೋಡಿ. 100 ಅಶ್ವಶಕ್ತಿಯ ಸಾಮಾನ್ಯ ಕಾರಲ್ಲಿ 50ರ ವೇಗದಲ್ಲಿದ್ದಾಗ ಪೆಡಲ್ ಪೂರ್ತಿ ತುಳಿದು ಎರಡು ಸೆಕೆಂಡ್ ಮೈಮರೆತರೆ ವೇಗ 63ರ ಹತ್ತಿರ ಹೋಗಿರುತ್ತೆ. ನಿಮ್ಮದರಲ್ಲಿ ಅದೇ ಎರಡು ಸೆಕೆಂಡಿಗೆ 85 ದಾಟುತ್ತೆ. ತಪ್ಪು ಅಷ್ಟೇ, ಸಮಯ ಅಷ್ಟೇ. ಕನ್ನಡಿ ನೋಡಿ ಕಣ್ಣು ರಸ್ತೆಗೆ ವಾಪಸ್ ಬರೋ ಹೊತ್ತಿಗೆ ಮುಂದಿನ ತಿರುವು ಬೇರೆಯೇ ತಿರುವಾಗಿರುತ್ತೆ.

ಇನ್ನೊಂದನ್ನ ಜನ ಗಮನಿಸಲ್ಲ. ಒಳ್ಳೆ ಸ್ಪೋರ್ಟ್ಸ್ ಕಾರು ವೇಗವನ್ನ ಮುಚ್ಚಿಡುತ್ತೆ. ಗಟ್ಟಿ ಸಸ್ಪೆನ್ಷನ್, ಮೈ ಓಲಾಡಲ್ಲ, ಎಂಜಿನ್ ಸುಸ್ತಾದ ಸದ್ದು ಮಾಡಲ್ಲ. ಸಣ್ಣ ಕಾರು 110ಕ್ಕೆ ಗಡಗಡ ಅಂದು "ಸಾಕಪ್ಪ" ಅನ್ನುತ್ತೆ. ಇದರಲ್ಲಿ 120 ಅಂದ್ರೆ 70ರ ಥರ ಅನ್ನಿಸುತ್ತೆ. ವೇಗವನ್ನ ಮೈಯಿಂದಲೇ ಅಳೆಯೋ ಅಭ್ಯಾಸ ಇನ್ನೂ ಬರದವನಿಗೆ ಇದು ದೊಡ್ಡ ಮೋಸ.

ಟಾರ್ಕ್ ರಾಯ:
ಒಪ್ಪಲ್ಲ ಸರ್. ಶಕ್ತಿ ಜಾಸ್ತಿ ಇದ್ದ ಮಾತ್ರಕ್ಕೆ ಕಾರು ಕೊಲ್ಲಲ್ಲ. ಈ ಕಾರಿನ ಬ್ರೇಕ್ ಡಿಸ್ಕ್ ದೊಡ್ಡದು, ಟೈರ್ ಅಗಲ, ಏರ್‌ಬ್ಯಾಗ್ ಆರೆಂಟು, ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದ್ರೂ ಚಕ್ರ ಕಟ್ಟಿಕೊಳ್ಳದ ಹಾಗೆ ನೋಡೋದು), ಇಎಸ್‌ಸಿ (ಕಾರು ಅಡ್ಡ ಜಾರದ ಹಾಗೆ ಹಿಡಿಯೋ ಎಲೆಕ್ಟ್ರಾನಿಕ್ ಸಾಧನ) ಎಲ್ಲಾ ಇದೆ. "ಹುಡುಗನಿಗೆ ಇಷ್ಟು ಸಾಕು" ಅಂತ ಹದಿನೈದು ವರ್ಷ ಹಳೇ ಡಬ್ಬ ಕೊಡ್ತಾರಲ್ಲ, ಅದರಲ್ಲಿ ಇಎಸ್‌ಸಿಯೂ ಇರಲ್ಲ, ಪಕ್ಕದ ಏರ್‌ಬ್ಯಾಗೂ ಇರಲ್ಲ. ಗುದ್ದಿದ ಮೇಲೆ ಬದುಕೋ ಅವಕಾಶ ಯಾವುದರಲ್ಲಿ ಹೆಚ್ಚು? ಅದನ್ನೂ ಹೇಳಿ.

ಬ್ರೇಕ್‌ಪ್ಯಾಡ್:
ರಾಯರು ಅರ್ಧ ಸರಿ. ಹಳೇ ಡಬ್ಬ ಕೊಡೋದು ಉತ್ತರ ಅಲ್ಲ. ಆದರೆ ದೊಡ್ಡ ಬ್ರೇಕ್ ಅಂದ ತಕ್ಷಣ ಕಾರು ಬೇಗ ನಿಲ್ಲುತ್ತೆ ಅನ್ನೋದು ತಪ್ಪು ತಿಳಿವಳಿಕೆ. ಒಂದು ಸಲ ಜೋರಾಗಿ ಒತ್ತಿದಾಗ ನಿಲ್ಲಿಸೋದು ಟೈರಿನ ಹಿಡಿತ. ದೊಡ್ಡ ಡಿಸ್ಕಿನ ಉಪಯೋಗ ಇರೋದು ಮತ್ತೆ ಮತ್ತೆ ಬ್ರೇಕ್ ಹಾಕಿದಾಗ ಕಾದು ಸೋಲದೆ ಇರೋದರಲ್ಲಿ.

ಈಗ ನಿಲ್ಲೋ ದೂರ. ಅಪಾಯ ಕಂಡು ಕಾಲು ಬ್ರೇಕಿಗೆ ಬರೋಕೆ ಒಂದೂವರೆ ಸೆಕೆಂಡ್ ಅಂತಿಟ್ಕೊಳ್ಳಿ, ಒಣ ರಸ್ತೆಯಲ್ಲಿ ಸೆಕೆಂಡಿಗೆ ಸೆಕೆಂಡಿಗೆ 8 ಮೀಟರಿನಂತೆ ವೇಗ ಇಳಿಯುತ್ತೆ ಅಂತಿಟ್ಕೊಳ್ಳಿ. ಇದು ಒಳ್ಳೆ ಟೈರಿನ ಲೆಕ್ಕ.

80 ಕಿ.ಮೀ.: ಯೋಚನೆಗೆ 33 ಮೀಟರ್, ಬ್ರೇಕಿಗೆ 31, ಒಟ್ಟು 64
120 ಕಿ.ಮೀ.: 50 ಮತ್ತು 69, ಒಟ್ಟು 119
140 ಕಿ.ಮೀ.: 58 ಮತ್ತು 95, ಒಟ್ಟು 153

ಮಳೆಯಲ್ಲಿ ಹಿಡಿತ ಕಮ್ಮಿಯಾಗಿ ಆ 8 ಮೀಟರ್ 5ಕ್ಕೆ ಇಳಿದರೆ 120ರವನಿಗೆ 160 ಮೀಟರ್ ಬೇಕು.

ಇದಕ್ಕಿಂತ ಮುಖ್ಯವಾದ ಲೆಕ್ಕ ಒಂದಿದೆ. 64 ಮೀಟರ್ ಮುಂದೆ ರಸ್ತೆಗೆ ಅಡ್ಡ ಲಾರಿ ನಿಂತಿದೆ ಅನ್ನಿ. 80ರಲ್ಲಿ ಬಂದವನು ಲಾರಿಗೆ ತಾಗೋ ಮುಂಚೆ ನಿಲ್ತಾನೆ. 100ರಲ್ಲಿ ಬಂದವನು ಪೂರ್ತಿ ಬ್ರೇಕ್ ಒತ್ತಿದ್ರೂ 73ರ ವೇಗದಲ್ಲಿ ಗುದ್ದುತ್ತಾನೆ. 120ರಲ್ಲಿ ಬಂದವನು 107ರಲ್ಲಿ. ಅಂದರೆ ಅವನು ಬ್ರೇಕ್ ಒತ್ತಿದ್ದೇ ಲೆಕ್ಕಕ್ಕಿಲ್ಲ. ಏರ್‌ಬ್ಯಾಗ್ ಆರಿರಲಿ ಎಂಟಿರಲಿ, 107ರ ಗುದ್ದಿಗೆ ಯಾವ ಕಾರನ್ನೂ ಕಟ್ಟಿಲ್ಲ.

ಹಿಂದಿನ ಸೀಟು:
ಇದು ವೇಗ ಮೀರಿದವನ ಲೆಕ್ಕ. 80ರಲ್ಲೇ ಹೋಗ್ತೀನಿ ಅನ್ನೋ ಹುಡುಗನಿಗೂ ಈ ಕಾರು ಅಪಾಯವಾ?

ತಿರುವಿನ ಲೆಕ್ಕ:
ಹೌದು, ತಿರುವಿನಲ್ಲಿ. ನಿಧಾನ ಮಾಡಿ ಹೇಳ್ತೀನಿ, ಯಾಕಂದ್ರೆ ಹಿಂದಿನ ಚಕ್ರದ ಡ್ರೈವ್ ಕಾರು ಹೊಸಬರ ಕೈಯಲ್ಲಿ ಹಾಳಾಗೋದು ಹೆಚ್ಚಾಗಿ ಇದೇ ಕ್ರಮದಲ್ಲಿ.

ಎಡ ತಿರುವು. 60ರಲ್ಲಿ ಹೋಗಬೇಕಾದ್ದಕ್ಕೆ 75ರಲ್ಲಿ ಒಳಗೆ ಬಂದಿದ್ದಾನೆ. ತಿರುವು ಮುಂದೆ ಇನ್ನೂ ಬಿಗಿಯಾಗ್ತಿದೆ ಅಂತ ಮಧ್ಯದಲ್ಲಿ ಗೊತ್ತಾಗುತ್ತೆ. ಗಾಬರಿಗೆ ಕಾಲು ಆಕ್ಸಿಲರೇಟರಿನಿಂದ ಪಟ್ಟಂತ ಮೇಲೆ ಬರುತ್ತೆ. ಅಲ್ಲಿಂದ ಶುರು. ಎಂಜಿನ್ ಬ್ರೇಕಿಂಗ್ ಬೀಳೋದು ಹಿಂದಿನ ಎರಡು ಚಕ್ರದ ಮೇಲೆ ಮಾತ್ರ. ಕಾರಿನ ಭಾರ ಮುಂದಕ್ಕೆ ವಾಲುತ್ತೆ, ಹಿಂದಿನ ಟೈರು ಹಗುರಾಗುತ್ತೆ. ಮುಂದಿನ ಟೈರಿಗೆ ಭಾರ ಬಂದಿದ್ದರಿಂದ ಮೂತಿ ಇದ್ದಕ್ಕಿದ್ದಂತೆ ಒಳಕ್ಕೆ ಕಚ್ಚುತ್ತೆ, ಬಾಲ ಹೊರಕ್ಕೆ ಜಾರುತ್ತೆ. ಹುಡುಗ ಸ್ಟೇರಿಂಗನ್ನ ಬಲಕ್ಕೆ ಎಳೀತಾನೆ. ಅಲ್ಲೀತನಕ ಸರಿ. ಆದರೆ ಹೊಸಬರು ಎಳೆಯೋದು ತಡವಾಗಿ, ಎಳೆದಿದ್ದು ಜಾಸ್ತಿ, ವಾಪಸ್ ಬಿಡೋದು ಇನ್ನೂ ತಡ. ಬಾಲಕ್ಕೆ ಹಿಡಿತ ಮರಳಿ ಸಿಕ್ಕ ಕ್ಷಣ ಮುಂದಿನ ಚಕ್ರ ಇನ್ನೂ ಬಲಕ್ಕೇ ತಿರುಗಿ ನಿಂತಿರುತ್ತೆ. ಕಾರು ಚಾವಟಿ ಬೀಸಿದ ಹಾಗೆ ಬಲಕ್ಕೆ ಹಾರುತ್ತೆ. ಎರಡನೇ ಜಾರು ಮೊದಲನೇದಕ್ಕಿಂತ ಜೋರು. ಕಾರು ಅಡ್ಡಡ್ಡವಾಗಿ ರಸ್ತೆ ಬಿಡುತ್ತೆ. ಮರಕ್ಕೋ ಕಂಬಕ್ಕೋ ತಾಗೋದು ಬಾಗಿಲ ಕಡೆಯಿಂದ. ಮುಂದೆ ಬಾನೆಟ್ಟಿನ ಮೀಟರುಗಟ್ಟಲೆ ಲೋಹ ಮಡಚಿ ಪೆಟ್ಟನ್ನ ತಿನ್ನುತ್ತೆ. ಬಾಗಿಲಲ್ಲಿ ಮನುಷ್ಯನಿಗೂ ಮರಕ್ಕೂ ನಡುವೆ ಒಂದು ಗೇಣು ಅಷ್ಟೇ.

ಪೂರ್ತಿ ನಾಟಕ ಮುಗಿಯೋಕೆ ಮೂರು ಸೆಕೆಂಡ್ ಸಾಕು.

ಇದರ ಇನ್ನೊಂದು ಬಗೆ: ತಿರುವು ಇನ್ನೂ ಮುಗಿದಿಲ್ಲ, ಸ್ಟೇರಿಂಗ್ ತಿರುಗಿಸಿಕೊಂಡೇ ಇದ್ದಾನೆ, ಆಗಲೇ ಪೆಡಲ್ ತುಳೀತಾನೆ. ಟರ್ಬೊ ಎಂಜಿನ್ (ಹೊಗೆಯ ಬಲದಿಂದ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬೋದು) ಆದ್ರೆ ಅರ್ಧ ಸೆಕೆಂಡ್ ಏನೂ ಆಗಲ್ಲ. "ಎಳೀತಿಲ್ಲ" ಅಂತ ಇನ್ನಷ್ಟು ತುಳೀತಾನೆ. ಆಗ ಟಾರ್ಕೆಲ್ಲಾ, ಅಂದರೆ ಚಕ್ರ ತಿರುಗಿಸೋ ಬಲವೆಲ್ಲಾ, ಒಟ್ಟಿಗೇ ಬಂದು ಹಿಂದಿನ ಟೈರಿನ ಹಿಡಿತ ಕಿತ್ತು ಹಾಕುತ್ತೆ. 1975ರಲ್ಲಿ ಬಂದ ಪೋರ್ಷೆ 911 ಟರ್ಬೊ ಕೆಟ್ಟ ಹೆಸರು ಪಡೆದಿದ್ದು ಈ ಎರಡೂ ಗುಣ ಒಂದರಲ್ಲೇ ಇದ್ದದ್ದಕ್ಕೆ. ಎಂಜಿನ್ ಹಿಂದಿನ ಆಕ್ಸಲ್ಲಿನ ಆಚೆಗೆ, ಟರ್ಬೊ ತಡವಾಗಿ. ಈಗಿನ ಟರ್ಬೊ ಆ ಮಟ್ಟಿಗಿಲ್ಲ, ಆದ್ರೂ ಭೌತಶಾಸ್ತ್ರ ಬದಲಾಗಿಲ್ಲ.

ಟಾರ್ಕ್ ರಾಯ:
ಅದಕ್ಕೇ ಅಲ್ವಾ ಇಎಸ್‌ಸಿ ಇರೋದು? ಬಾಲ ಜಾರೋ ಮೊದಲೇ ಹಿಡಿಯುತ್ತೆ.

ತಿರುವಿನ ಲೆಕ್ಕ:
ಹಿಡಿಯುತ್ತೆ, ಅದರಷ್ಟು ಜೀವ ಉಳಿಸಿದ ಎಲೆಕ್ಟ್ರಾನಿಕ್ ಸಾಧನ ಕಾರಿನಲ್ಲಿ ಇನ್ನೊಂದಿಲ್ಲ ಅಂತಲೇ ನನ್ನ ಅಭಿಪ್ರಾಯ. 1995ರಲ್ಲಿ ಮರ್ಸಿಡಿಸ್ ಎಸ್-ಕ್ಲಾಸ್‌ಗೆ ಬಂದಿದ್ದು, ಈಗ ಎಷ್ಟೋ ದೇಶಗಳಲ್ಲಿ ಹೊಸ ಕಾರಿಗೆ ಕಡ್ಡಾಯ. ಕೆಲಸ ಮಾಡೋದು ಹೇಗೆ ಅಂದ್ರೆ, ಸ್ಟೇರಿಂಗ್ ಹೇಳ್ತಿರೋ ದಿಕ್ಕಿಗೂ ಕಾರು ನಿಜವಾಗಿ ತಿರುಗ್ತಿರೋ ದಿಕ್ಕಿಗೂ ವ್ಯತ್ಯಾಸ ಕಂಡ ಕೂಡಲೇ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ, ಎಂಜಿನ್ ಶಕ್ತಿ ಇಳಿಸಿ ಕಾರನ್ನ ನೆಟ್ಟಗೆ ಮಾಡುತ್ತೆ.

ಮೂರು ಕಡೆ ಅದರ ಕೈ ಸೋಲುತ್ತೆ. ಒಂದು, ತಿರುವಿಗೆ ವೇಗವೇ ಮಿತಿ ಮೀರಿದ್ರೆ ನಾಲ್ಕೂ ಟೈರಲ್ಲಿ ಹಿಡಿತ ಉಳಿದಿರಲ್ಲ, ಬ್ರೇಕ್ ಹಾಕಿ ಏನು ಮಾಡೋದು? ಎರಡು, ಸವೆದ ಅಥವಾ ಹಳೇ ಟೈರು. ಮೂರನೇದು ಹುಡುಗರಿಗೆ ಹತ್ತಿರದ್ದು, ಬಟನ್ನು. ಸ್ಪೋರ್ಟ್ ಮೋಡಿಗೆ ಹಾಕಿದ್ರೆ ಇಎಸ್‌ಸಿ ಬಹಳ ಕಾರಲ್ಲಿ ಬಾಲ ಸ್ವಲ್ಪ ಜಾರೋಕೆ ಬಿಟ್ಟು ಆಮೇಲೆ ಹಿಡಿಯುತ್ತೆ. ಎಷ್ಟೋ ಕಾರಲ್ಲಿ ಬಟನ್ ಒಂದು ಸಲ ಒತ್ತಿದ್ರೆ ಟ್ರಾಕ್ಷನ್ ಕಂಟ್ರೋಲ್ (ಪೆಡಲ್ ತುಳಿದಾಗ ಚಕ್ರ ಹಿಡಿತ ಬಿಟ್ಟು ಸುತ್ತದ ಹಾಗೆ ತಡೆಯೋದು) ಆಫ್, ಕೆಲವು ಸೆಕೆಂಡ್ ಒತ್ತಿ ಹಿಡಿದ್ರೆ ಇಎಸ್‌ಸಿ ಪೂರ್ತಿ ಆಫ್. ಕಾರು ಮೇಳದ ಗೇಟಿಂದ ಹೊರಬೀಳುವಾಗ ಜನರೆದುರು ಪೆಡಲ್ ತುಳಿದು ಫುಟ್‌ಪಾತಿಗೆ ಹತ್ತೋ ವಿಡಿಯೊಗಳಿವೆಯಲ್ಲ, ಅಲ್ಲಿ ಸೂತ್ರ ಒಂದೇ: ಟೈರು ತಣ್ಣಗೆ, ಬಟನ್ ಆಫ್, ನೋಡೋಕೆ ಜನ.

ಪಳಗಿದವರಿಗೂ ಇದು ಬಿಟ್ಟಿಲ್ಲ. 2013ರ ನವೆಂಬರ್ 30ರಂದು ನಟ ಪಾಲ್ ವಾಕರ್ ಸತ್ತ ಕಾರು ಪೋರ್ಷೆ ಕರೇರಾ ಜಿಟಿ. 600ಕ್ಕೂ ಹೆಚ್ಚು ಅಶ್ವಶಕ್ತಿ, ಇಎಸ್‌ಸಿ ಇಲ್ಲ. ಓಡಿಸ್ತಿದ್ದವರಿಗೆ ರೇಸಿನ ಅನುಭವ ಇತ್ತು. ತನಿಖೆಯಲ್ಲಿ ಗಂಟೆಗೆ 130ರಿಂದ 150 ಕಿ.ಮೀ. ವೇಗ ಅಂತ ಬಂತು, ಟೈರುಗಳು ಒಂಬತ್ತು ವರ್ಷ ಹಳೆಯವು ಅಂತಲೂ ಬಂತು.

ಸ್ಟೆಪ್ನಿ:
ಟೈರಿನ ಮಾತು ಬಂದಿದ್ದಕ್ಕೆ ಸೇರಿಸ್ತೀನಿ. ಕೀಲಿ ಯಾರಿಗಾದ್ರೂ ಕೊಡಿ, ಮೊದಲು ಬಗ್ಗಿ ಟೈರಿನ ಪಕ್ಕ ನೋಡಿ. ಡಾಟ್ (DOT) ಅಂತ ಶುರುವಾಗೋ ಸಾಲಿನ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 2319 ಅಂದ್ರೆ 2019ನೇ ಇಸವಿಯ 23ನೇ ವಾರ. ಸ್ಪೋರ್ಟ್ಸ್ ಕಾರುಗಳು ಓಡೋದಕ್ಕಿಂತ ನಿಲ್ಲೋದೇ ಹೆಚ್ಚು. ಅದರಿಂದ ಹಲ್ಲು ಪೂರ್ತಿ ಇದ್ದೂ ರಬ್ಬರ್ ಒಣಗಿ ಗಟ್ಟಿಯಾಗಿರುತ್ತೆ. ಆರು ವರ್ಷ ದಾಟಿದ್ರೆ 450 ಅಶ್ವಶಕ್ತಿಗೆ ಅದು ಬೇಡ, ನೋಡೋಕೆ ಎಷ್ಟೇ ಚೆನ್ನಾಗಿರಲಿ.

ಹಲ್ಲಿನ ಆಳಕ್ಕೆ ಬಹಳ ಕಡೆ ಕಾನೂನಿನ ಗಡಿ 1.6 ಮಿ.ಮೀ. ಅಗಲ ಟೈರಿಗೆ ಮಳೆಗಾಲದಲ್ಲಿ ಅಷ್ಟು ಸಾಲದು, 3ಕ್ಕೆ ಬಂದಾಗಲೇ ಬದಲಾಯಿಸಿ. ವಿಮಾನದ ಟೈರುಗಳನ್ನ ಪರೀಕ್ಷಿಸಿ ನಾಸಾ ಕಂಡುಕೊಂಡ ಒಂದು ಸೂತ್ರ ಇದೆ. ಅದರ ಪ್ರಕಾರ 32 ಪೌಂಡ್ ಗಾಳಿಯ ಟೈರು ನಿಂತ ನೀರಿನ ಮೇಲೆ ತೇಲೋಕೆ ಶುರು ಮಾಡೋದು 94 ಕಿ.ಮೀ. ಹತ್ತಿರ. ಅಗಲ ಹೆಚ್ಚಾದಷ್ಟೂ, ಹಲ್ಲು ಸವೆದಷ್ಟೂ ಅದಕ್ಕಿಂತ ಕಡಿಮೆ ವೇಗದಲ್ಲೇ ತೇಲುತ್ತೆ. ತೇಲಿದ ಮೇಲೆ ಸ್ಟೇರಿಂಗ್ ಬೆಣ್ಣೆಯಲ್ಲಿ ತಿರುಗಿದ ಹಾಗೆ. ಏನೂ ಮಾಡಬಾರದು, ನೆಟ್ಟಗೆ ಹಿಡಿದು ಕಾಲು ಮೆಲ್ಲಗೆ ಎತ್ತಬೇಕು. ಹದಿನೆಂಟರವನು ಮಾಡೋದು ಬ್ರೇಕ್ ತುಳಿದು ಸ್ಟೇರಿಂಗ್ ತಿರುಗಿಸೋದು.

ಮುಂದೊಂದು ಅಳತೆ ಹಿಂದೊಂದು ಅಳತೆಯ ಟೈರಿದ್ರೆ ಅದಲುಬದಲು ಮಾಡೋಕೂ ಆಗಲ್ಲ, ಹಿಂದಿನ ಜೋಡಿ ಮೊದಲು ಮುಗಿಯುತ್ತೆ. ಇನ್ನು ಬೇಸಿಗೆಯ ಪರ್ಫಾರ್ಮೆನ್ಸ್ ಟೈರು 7 ಡಿಗ್ರಿಗಿಂತ ಕೆಳಗೆ ಹಿಡಿತ ಬಿಡುತ್ತೆ. ಚಳಿ ದೇಶದಲ್ಲಿರೋರು ಗಮನಿಸಿ.

ನಾಲ್ಕನೇ ಗೇರು:
ಈ ಪ್ರಶ್ನೆಗೆ ಕೆಲವು ಸರ್ಕಾರಗಳು ಉತ್ತರ ಕೊಟ್ಟಿವೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಮತ್ತು ವಿಕ್ಟೋರಿಯಾದಲ್ಲಿ ಪಿ-ಪ್ಲೇಟಿನವರು, ಅಂದರೆ ಹೊಸ ಲೈಸೆನ್ಸಿನವರು, ಕಾರಿನ ತೂಕದ ಪ್ರತಿ ಟನ್ನಿಗೆ 130 ಕಿಲೊವ್ಯಾಟ್ ಶಕ್ತಿ ದಾಟಿದ ಕಾರು ಓಡಿಸೋ ಹಾಗಿಲ್ಲ. ಇಟಲಿ ಇನ್ನೂ ಬಿಗಿ: 2024ರ ಡಿಸೆಂಬರಿನಿಂದ ಹೊಸಬರಿಗೆ ಮೊದಲ ಮೂರು ವರ್ಷ ಟನ್ನಿಗೆ 75 ಕಿಲೊವ್ಯಾಟ್, ಒಟ್ಟು 105 ಕಿಲೊವ್ಯಾಟ್ ಮಿತಿ. ಅದೇ ತಿಂಗಳು ಸೌತ್ ಆಸ್ಟ್ರೇಲಿಯಾ ಟನ್ನಿಗೆ 276 ಕಿಲೊವ್ಯಾಟ್ ಮುಟ್ಟಿದ ಕಾರುಗಳಿಗೆ ವಯಸ್ಸು ಎಷ್ಟೇ ಇರಲಿ ಪ್ರತ್ಯೇಕ ಲೈಸೆನ್ಸ್ ವರ್ಗ ತಂತು. ಅಂಥ ಕಾರಲ್ಲಿ ಟ್ರಾಕ್ಷನ್ ಕಂಟ್ರೋಲಿನಂಥ ಸಹಾಯಕಗಳನ್ನ ಆಫ್ ಮಾಡಿ ಓಡಿಸೋದೂ ಅಪರಾಧ.

ನಿಮ್ಮ ಕಾರಿನ ಲೆಕ್ಕ: 450 ಅಶ್ವಶಕ್ತಿ ಸುಮಾರು 335 ಕಿಲೊವ್ಯಾಟ್, ಅದನ್ನ 1.65ರಿಂದ ಭಾಗಿಸಿ. ಟನ್ನಿಗೆ 200ರ ಮೇಲೆ. ಆಸ್ಟ್ರೇಲಿಯಾದ ಗಡಿಯ ಒಂದೂವರೆ ಪಟ್ಟು, ಇಟಲಿಯದಕ್ಕೆ ಎರಡೂವರೆ ಪಟ್ಟಿಗಿಂತ ಹೆಚ್ಚು.

ತಮಾಷೆ ಏನಂದ್ರೆ ಬೈಕಿಗೆ ಯುರೋಪಿನಲ್ಲಿ ಮೆಟ್ಟಿಲು ಎಂದೋ ಇದೆ. ಮೊದಲು 11 ಕಿಲೊವ್ಯಾಟ್, ಆಮೇಲೆ 35, ಆಮೇಲೆ ಮಿತಿಯಿಲ್ಲ. ಕಾರಿಗೆ ಮಾತ್ರ ಬಹುತೇಕ ಜಗತ್ತಿನಲ್ಲಿ ಪರೀಕ್ಷೆ ಪಾಸಾದ ಮಧ್ಯಾಹ್ನವೇ 700 ಅಶ್ವಶಕ್ತಿ ಓಡಿಸಬಹುದು.

ಹಿಂದಿನ ಸೀಟು:
ಕಾರಲ್ಲೇ ಮಿತಿ ಹಾಕೋ ಕೀಲಿ ಸಿಗುತ್ತಂತಲ್ಲ, ಅದು ಸಾಕಾಗಲ್ವಾ?

ಹಳೇ ಗೇರ್‌ಬಾಕ್ಸ್:
ಯಾವ ಕೀಲಿ ಅನ್ನೋದರ ಮೇಲಿದೆ. ಫೋರ್ಡಿನ ಮೈಕೀ ಗರಿಷ್ಠ ವೇಗ ಕಟ್ಟುತ್ತೆ, ಮೇಲಿನ ಮಿತಿ ಗಂಟೆಗೆ 80 ಮೈಲಿ, ಅಂದ್ರೆ 129 ಕಿ.ಮೀ. ಬೆಲ್ಟ್ ಹಾಕದಿದ್ರೆ ಹಾಡು ಬಂದ್. ಷೆವರ್ಲೆಯ ಟೀನ್ ಡ್ರೈವರ್ 2016ರ ಮಾಡೆಲ್‌ಗಳಲ್ಲಿ ಬಂತು. ತಂದೆತಾಯಿ ಪಿನ್ ಹಾಕಿ ಹುಡುಗನ ಕೀಲಿಯನ್ನ ನೋಂದಾಯಿಸಿದ್ರೆ ಟ್ರಾಕ್ಷನ್ ಕಂಟ್ರೋಲ್ ಆಫ್ ಮಾಡೋಕೆ ಆಗಲ್ಲ, ಎಷ್ಟು ದೂರ ಹೋದ, ಗರಿಷ್ಠ ಎಷ್ಟು ವೇಗ, ಎಬಿಎಸ್ ಎಷ್ಟು ಸಲ ಕೆಲಸ ಮಾಡ್ತು ಅಂತ ವರದಿ ಸಿಗುತ್ತೆ.

ಆದರೆ ಗರಿಷ್ಠ ವೇಗ ಕಟ್ಟೋದರಿಂದ ನಿಮ್ಮ ಸಮಸ್ಯೆ ಬಗೆಹರಿಯಲ್ಲ. ಮೇಲೆ ಹೇಳಿದ ತಿರುವಿನ ಅಪಘಾತ ನಡೆದದ್ದು 75ರಲ್ಲಿ. 129ರ ಬೇಲಿ ಅಲ್ಲಿಗೆ ಬರೋದೇ ಇಲ್ಲ. ಬೇಕಾದ್ದು ಶಕ್ತಿಯನ್ನೇ ಕತ್ತರಿಸೋ ಕೀಲಿ. ಡಾಡ್ಜ್ ಹೆಲ್‌ಕ್ಯಾಟ್‌ಗೆ ಎರಡು ಕೀಲಿ ಕೊಡ್ತಿದ್ರು. ಕೆಂಪು ಕೀಲಿಗೆ ಪೂರ್ತಿ 707, ಕಪ್ಪು ಕೀಲಿಗೆ 500. ಕಡಿಮೆ ಅಂತ ಕೊಟ್ಟಿದ್ದೇ 500 ಅನ್ನೋದು ಬೇರೆ ಮಾತು! ಅದರ ವ್ಯಾಲೆ ಮೋಡಿನಲ್ಲಿ (ಪಾರ್ಕ್ ಮಾಡೋಕೆ ಬೇರೆಯವರ ಕೈಗೆ ಕೊಡುವಾಗ ಹಾಕೋದು) ಎಂಜಿನ್ ನಿಮಿಷಕ್ಕೆ 4000 ಸುತ್ತು ದಾಟಲ್ಲ, ಮೊದಲ ಗೇರು ಬೀಳಲ್ಲ. ನಿಮ್ಮ ಕಾರಲ್ಲಿ ವ್ಯಾಲೆ ಮೋಡಿದ್ರೆ ಮ್ಯಾನುಯಲ್ ತೆಗೆದು ಅದು ಕತ್ತರಿಸೋದು ಶಕ್ತಿಯನ್ನೋ, ವೇಗವನ್ನೋ ಅಥವಾ ಬರೀ ಡಿಕ್ಕಿಯ ಬೀಗವನ್ನೋ ಅಂತ ಓದಿ.

ಮತ್ತೆ ಹೊರಗಡೆ ಚಿಪ್ ಹಾಕಿಸಿ ಶಕ್ತಿ ಇಳಿಸ್ತೀನಿ ಅಂತ ಹೊರಡಬೇಡಿ. ಲ್ಯಾಪ್‌ಟಾಪಲ್ಲಿ ಇಳಿಸಿದ್ದನ್ನ ಲ್ಯಾಪ್‌ಟಾಪಲ್ಲೇ ಏರಿಸ್ತಾರೆ. ಅದನ್ನ ಮಾಡೋದು ನಮಗಿಂತ ಹುಡುಗರಿಗೇ ಚೆನ್ನಾಗಿ ಗೊತ್ತು.

ಚಾರ್ಜಿಂಗ್ ವೈರು:
ಎಲ್ಲರೂ ಎರಡು ಬಾಗಿಲಿನ ಕಾರಿನ ಬಗ್ಗೆಯೇ ಹೇಳ್ತಿದ್ದೀರಿ. ಈಗ ನಾಲ್ಕು ಬಾಗಿಲು, ಐದು ಸೀಟಿನ ಎಲೆಕ್ಟ್ರಿಕ್ ಕಾರುಗಳೂ 400, 500 ಅಶ್ವಶಕ್ತಿ ಕೊಡ್ತಿವೆ. ನೋಡೋಕೆ ಸಂಸಾರಸ್ಥರ ಗಾಡಿ, ಅದರಿಂದ ಯಾರೂ ಎರಡು ಸಲ ಯೋಚನೆ ಮಾಡಲ್ಲ. ತೂಕ ಎರಡು ಟನ್ನು, ಗೇರು ಬದಲಾಗೋ ಸದ್ದಿಲ್ಲ, ಪೆಡಲ್ ತುಳಿದ ಕ್ಷಣವೇ ಪೂರ್ತಿ ಟಾರ್ಕ್. ಪೆಟ್ರೋಲ್ ಕಾರಲ್ಲಿ ಎಂಜಿನ್ ಕೂಗಾದ್ರೂ ಎಚ್ಚರಿಸುತ್ತೆ, ಇದರಲ್ಲಿ ಅದೂ ಇಲ್ಲ.

ಒಂದು ಅನುಕೂಲ ಇದೆ. ಸಾಫ್ಟ್‌ವೇರಿನಲ್ಲೇ ಹಿಡಿತ. ಟೆಸ್ಲಾದಲ್ಲಿ ಚಿಲ್ ಮೋಡ್ ಪಿಕಪ್ ಇಳಿಸುತ್ತೆ, ಸ್ಪೀಡ್ ಲಿಮಿಟ್ ಮೋಡಿಗೆ ನಾಲ್ಕು ಅಂಕಿಯ ಪಿನ್ ಹಾಕಬಹುದು. ಒಂದು ಎಚ್ಚರಿಕೆಯೂ ಇದೆ. ಕಾಲು ಎತ್ತಿದ್ರೆ ರೀಜೆನ್, ಅಂದರೆ ಮೋಟಾರೇ ಕಾರನ್ನ ನಿಧಾನ ಮಾಡ್ತಾ ಬ್ಯಾಟರಿ ತುಂಬಿಸೋದು, ಬ್ರೇಕ್ ಹಾಕಿದ ಹಾಗೇ ಹಿಡಿಯುತ್ತೆ. ತಿರುವಿನಲ್ಲಿ ಪಟ್ಟಂತ ಕಾಲು ಎತ್ತೋದರ ಕಥೆ ಮೇಲೆ ಹೇಳಿದ್ರಲ್ಲ, ಒದ್ದೆ ರಸ್ತೆಯಲ್ಲಿ ಇಲ್ಲೂ ಅದೇ. ರೀಜೆನ್ ಕಡಿಮೆ ಮಾಡೋ ಆಯ್ಕೆ ಇದ್ರೆ ಮಳೆಗೆ ಅದನ್ನ ಹಾಕಿ.

ಪಾಲಿಸಿ ಪುಟ:
ವಿಮೆ ಬಗ್ಗೆ ಯಾರೂ ಬರೆದಿಲ್ಲ, ಅದಕ್ಕೆ ನಾನು. ಪಾಲಿಸಿಯಲ್ಲಿ ನಾಲ್ಕು ಸಾಲು ಹುಡುಕಿ: ಯಾರು ಓಡಿಸಬಹುದು, ಕನಿಷ್ಠ ವಯಸ್ಸು ಅಥವಾ ಲೈಸೆನ್ಸಿನ ಅವಧಿ ಏನಾದ್ರೂ ಇದೆಯಾ, ಎಳೆಯ ಡ್ರೈವರ್ ಗುದ್ದಿದ್ರೆ ನಿಮ್ಮ ಕೈಯಿಂದ ಹೋಗೋ ಮೊತ್ತ ಎಷ್ಟು, ಮಾರ್ಪಾಡು ತಿಳಿಸಬೇಕಾ. ಎಕ್ಸಾಸ್ಟ್ ಬದಲಾಯಿಸಿದ್ದನ್ನೂ ಹೇಳಬೇಕಾಗಬಹುದು.

ಪ್ರೀಮಿಯಂ ಉಳಿಸೋಕೆ ಜನ ಮಾಡೋ ಕೆಲಸ ಒಂದಿದೆ. ಕಾರನ್ನ ದಿನಾ ಓಡಿಸೋನು ಮಗ, ಕಾಗದದಲ್ಲಿ ಮುಖ್ಯ ಡ್ರೈವರ್ ಅಪ್ಪ. ವಿಮಾ ಕಂಪನಿಗಳ ಕಣ್ಣಲ್ಲಿ ಇದು ಸುಳ್ಳು ಹೇಳಿಕೆ. ಎಷ್ಟೋ ದೇಶಗಳಲ್ಲಿ ವಂಚನೆ ಅಂತಲೇ ಕೇಸು. ಕ್ಲೇಮ್ ಬಂದ ದಿನ ಅವರು ಮೊದಲು ಕೆದಕೋದು ಇದನ್ನೇ. ರೇಸ್ ಟ್ರಾಕಿನಲ್ಲಿ ಆದ ಪೆಟ್ಟಿಗೆ ಸಾಮಾನ್ಯ ಪಾಲಿಸಿ ಬರಲ್ಲ, ಅದಕ್ಕೆ ಪ್ರತ್ಯೇಕ ಇರುತ್ತೆ. ಕೀಲಿ ಕೊಟ್ಟ ಮಾಲೀಕನ ಮೇಲೂ ಹೊಣೆ ಬರೋ ಕಾನೂನು ಹಲವು ಕಡೆ ಇದೆ. ನಿಮ್ಮ ಊರಿನ ವಕೀಲರನ್ನ ಒಂದು ಮಾತು ಕೇಳಿ.

ನಾಲ್ಕನೇ ಗೇರು:
ಕಾರಿನೊಳಗೆ ಯಾರ‍್ಯಾರು ಕೂತಿದ್ದಾರೆ ಅನ್ನೋದೂ ಕಾರಿನಷ್ಟೇ ಮುಖ್ಯ. ಅಮೆರಿಕದ ಎಎಎ ಫೌಂಡೇಶನ್ ಅನ್ನೋ ರಸ್ತೆ ಸುರಕ್ಷತೆಯ ಸಂಸ್ಥೆ 2012ರಲ್ಲಿ 16, 17 ವರ್ಷದ ಡ್ರೈವರುಗಳ ಲೆಕ್ಕ ಹಾಕಿತ್ತು. ಒಬ್ಬನೇ ಹೋಗೋದಕ್ಕೆ ಹೋಲಿಸಿದ್ರೆ, ದೊಡ್ಡವರಿಲ್ಲದೆ 21ರೊಳಗಿನ ಒಬ್ಬ ಗೆಳೆಯ ಕೂತರೆ ಡ್ರೈವರ್ ಸಾಯೋ ಅಪಾಯ ಶೇ. 44 ಹೆಚ್ಚು. ಇಬ್ಬರಾದ್ರೆ ಎರಡರಷ್ಟು, ಮೂರು ಅಥವಾ ಹೆಚ್ಚಿದ್ರೆ ನಾಲ್ಕರಷ್ಟು. 35 ದಾಟಿದವರು ಕೂತಾಗ ಅದೇ ಅಪಾಯ ಶೇ. 62 ಇಳಿದಿತ್ತು. ಪಕ್ಕದಲ್ಲಿ ದೊಡ್ಡವರು ಸುಮ್ಮನೆ ಕೂತಿದ್ರೂ ಸಾಕು, ಬೈಯೋದೂ ಬೇಡ.

ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು ಇರೋದೇ "ಒಂದು ರೌಂಡ್ ಹೋಗೋಣ ಬಾ ಮಗಾ" ಅನ್ನೋದಕ್ಕೆ. ಸಂಭಾವಿತ ಹುಡುಗ ಒಬ್ಬನೇ ಇದ್ದಾಗ ಸಂಭಾವಿತ. ಪಕ್ಕದವನು "ಇಷ್ಟೇನಾ?" ಅಂದಾಗ ಅವನ ಬಲಗಾಲು ಯಾರ ಮಾತು ಕೇಳುತ್ತೆ ಅಂತ ಅವನಿಗೂ ಮೊದಲೇ ಗೊತ್ತಿರಲ್ಲ.

ಟಾರ್ಕ್ ರಾಯ:
ಸರಿ, ನಿಮ್ಮ ಲೆಕ್ಕಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. 450 ಬೇಡ ಅಂತಲೇ ಇಟ್ಕೊಳ್ಳೋಣ. ಆದ್ರೆ ಕಾರಿನ ಹುಚ್ಚಿರೋ ಹುಡುಗನಿಗೆ ಹಸು ಥರದ ಗಾಡಿ ಕೊಟ್ರೆ ಅವನು ಗೆಳೆಯರ ಕಾರು ಓಡಿಸ್ತಾನೆ. ಅದು ಇನ್ನೂ ಅಪಾಯ, ನಿಮಗೆ ಗೊತ್ತೂ ಆಗಲ್ಲ. ನಡುವಿನ ದಾರಿ ಹೇಳಿ.

ತಿರುವಿನ ಲೆಕ್ಕ:
ಇದು ಒಳ್ಳೆ ಮಾತು ರಾಯರೇ. ಇರೋ ದಾರಿಗಳಲ್ಲಿ ನನಗೆ ಹಿಡಿಸೋದು ಟನ್ನಿಗೆ 70ರಿಂದ 90 ಕಿಲೊವ್ಯಾಟಿನ, ಮುಂದಿನ ಚಕ್ರ ಎಳೆಯೋ, ಇಎಸ್‌ಸಿ ಮತ್ತು ಪಕ್ಕದ ಏರ್‌ಬ್ಯಾಗ್ ಇರೋ ಮಧ್ಯಮ ಗಾತ್ರದ ಹ್ಯಾಚ್‌ಬ್ಯಾಕ್ ಅಥವಾ ಸೆಡಾನ್. ತೂಕ 1250 ಕಿಲೊ ಮೇಲಿರಲಿ, ತೀರಾ ಪುಟ್ಟ ಕಾರು ಗುದ್ದಿನಲ್ಲಿ ಸೋಲುತ್ತೆ. ಮುಂದಿನ ಚಕ್ರದ ಕಾರು ತಿರುವಿನಲ್ಲಿ ಜಾಸ್ತಿ ವೇಗಕ್ಕೆ ಹೆಚ್ಚಾಗಿ ಮೂತಿ ಹೊರಗೆ ತಳ್ಳುತ್ತೆ. ಆಗ ಗಾಬರಿಗೆ ಕಾಲು ಎತ್ತಿದ್ರೆ ಬಹುತೇಕ ಸಲ ಕಾರು ತಾನೇ ದಾರಿಗೆ ಬರುತ್ತೆ. ಗಾಬರಿಯಾದವನು ಮಾಡೋ ಕೆಲಸವೇ ಸರಿಯಾದ ಕೆಲಸ ಆಗೋ ಕಾರು ಅದು.

ಮ್ಯಾನುಯಲ್ ಗೇರು ಇದ್ದರೆ ಇನ್ನೂ ಒಳ್ಳೆಯದು. ಕೈಗೆ ಕಾಲಿಗೆ ಕೆಲಸ ಇರುತ್ತೆ, ಫೋನಿಗೆ ಕೈ ಹೋಗಲ್ಲ.

ಹಿಂದಿನ ಚಕ್ರದ್ದೇ ಬೇಕು ಅಂದ್ರೆ ಒಂದೂವರೆ ಲೀಟರಿನ ಮಾಜ್ದಾ ಎಂಎಕ್ಸ್-5 ಥರದ್ದು. ಟನ್ನಿಗೆ 100ರೊಳಗೇ ಇದೆ, ಜಾರಿದ್ರೂ ಮೊದಲೇ ಹೇಳಿ ಜಾರುತ್ತೆ. ಆದ್ರೆ ಕಾರು ಪುಟ್ಟದು, ತಲೆ ಮೇಲೆ ಬಟ್ಟೆ. ನನ್ನ ಕೇಳಿದ್ರೆ ಅದು ಎರಡನೇ ಕಾರು, ಮೊದಲನೇದಲ್ಲ.

ಬ್ರೇಕ್‌ಪ್ಯಾಡ್:
ಅಂಥ ಕಾರನ್ನ ಮೊದಲ ಎರಡು ವರ್ಷ ಬರೀ ಓಡಿಸಿದ್ರೆ ಸಾಲದು, ಬೇಕಂತಲೇ ಕಲಿಸಬೇಕು. ಖಾಲಿ ಮೈದಾನ, ಸುತ್ತ 100 ಮೀಟರ್ ಏನೂ ಇರಬಾರದು, ಅನುಮತಿ ಇರಬೇಕು.

ಮೊದಲು ಕೂರೋ ಭಂಗಿ. ಬೆನ್ನು ಸೀಟಿಗೆ ಅಂಟಿರಲಿ, ಕೈ ಚಾಚಿದ್ರೆ ಮಣಿಕಟ್ಟು ಸ್ಟೇರಿಂಗಿನ ಮೇಲ್ತುದಿಗೆ ಬರಬೇಕು, ಬ್ರೇಕ್ ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಮಡಚಿರಬೇಕು. ಹುಡುಗರು ಒರಗಿ ಮಲಗಿ ಓಡಿಸ್ತಾರೆ. ಆ ಭಂಗಿಯಲ್ಲಿ ಬ್ರೇಕಿಗೆ ಪೂರ್ತಿ ಬಲ ಹಾಕೋಕೆ ಆಗಲ್ಲ.

ಆಮೇಲೆ 40ರಿಂದ ಪೂರ್ತಿ ಬ್ರೇಕ್, ಹತ್ತು ಸಲ. ಪೆಡಲನ್ನ ಒದೆಯಬೇಕು, ನಿಲ್ಲೋತನಕ ಬಿಡಬಾರದು. ಎಬಿಎಸ್ ಬಂದಾಗ ಕಾಲಡಿ ಗಡಗಡ ಅನ್ನುತ್ತೆ. ಅದನ್ನ ಮೊದಲ ಸಲ ಕಂಡವರು ಏನೋ ಮುರಿದುಹೋಯ್ತು ಅಂತ ಕಾಲು ಸಡಿಲ ಬಿಡ್ತಾರೆ, ಅಲ್ಲೇ ಹತ್ತು ಮೀಟರ್ ಹೋಯ್ತು. 60ರಿಂದ ಮತ್ತೆ ಅಷ್ಟೇ ಸಲ. ಆಮೇಲೆ ಪೂರ್ತಿ ಬ್ರೇಕ್ ಹಿಡಿದೇ ಒಂದು ರಟ್ಟಿನ ಡಬ್ಬದ ಪಕ್ಕ ಸರಿದು ಹೋಗೋದು. ಎಬಿಎಸ್ ಇರೋದೇ ಇದಕ್ಕೆ, ಬ್ರೇಕಿನ ಜೊತೆ ಸ್ಟೇರಿಂಗೂ ಕೆಲಸ ಮಾಡಲಿ ಅಂತ. ಡಬ್ಬ ನೋಡಿದ್ರೆ ಡಬ್ಬಕ್ಕೇ ಗುದ್ದುತ್ತಾನೆ. ಪಕ್ಕದ ಖಾಲಿ ಜಾಗ ನೋಡೋಕೆ ಕಲಿಸಿ. ಇದೆಲ್ಲಾ ಒದ್ದೆ ನೆಲದಲ್ಲಿ ಮತ್ತೊಂದು ದಿನ.

ಜಾರಿದಾಗ ಸ್ಟೇರಿಂಗ್ ಹಿಡಿಯೋದನ್ನ ಮಾತ್ರ ಮೈದಾನದಲ್ಲಿ ನೀವೇ ಕಲಿಸೋಕೆ ಹೋಗಬೇಡಿ. ಸ್ಕಿಡ್ ಪ್ಯಾಡ್ (ಬೇಕಂತಲೇ ಕಾರು ಜಾರಿಸಿ ಕಲಿಸೋ ಜಾಗ) ಇರೋ ಶಾಲೆಗೆ ಕಳಿಸಿ. ಕಳಿಸುವಾಗಲೂ ಒಂದು ನೆನಪಿರಲಿ, ಒಂದು ದಿನ ಜಾರಿಸೋದು ಕಲಿತ ಹುಡುಗರಿಗೆ "ನನಗೆ ಬರುತ್ತೆ" ಅನ್ನೋ ಧೈರ್ಯ ಕೌಶಲಕ್ಕಿಂತ ಬೇಗ ಬೆಳೆಯುತ್ತೆ.

ಹಿಂದಿನ ಸೀಟು:
ಎಲ್ಲರಿಗೂ ಥ್ಯಾಂಕ್ಸ್. ಕೀಲಿ ಸದ್ಯಕ್ಕೆ ಕೊಡಲ್ಲ. ಸಾಧಾರಣ ಹ್ಯಾಚ್‌ಬ್ಯಾಕ್ ಒಂದು, ರಾತ್ರಿ ಗೆಳೆಯರನ್ನ ತುಂಬಿಕೊಂಡು ಹೋಗೋ ಹಾಗಿಲ್ಲ, ಎರಡು ವರ್ಷ. ದೊಡ್ಡ ಕಾರನ್ನ ಭಾನುವಾರ ಬೆಳಿಗ್ಗೆ ದೊಡ್ಡವರು ಪಕ್ಕದಲ್ಲಿ ಕೂತಾಗ ಮಾತ್ರ, ಬಟನ್ ಮುಟ್ಟದೆ, ಸ್ಪೋರ್ಟ್ ಮೋಡ್ ಇಲ್ಲದೆ. ಹಾಗಾದ್ರೆ ಕಾರು ಹೆಚ್ಚು ನಿಂತೇ ಇರುತ್ತೆ. ನಿಂತು ಹಾಳಾಗದ ಹಾಗೆ ಏನು ಮಾಡಬೇಕು?

ಸ್ಟೆಪ್ನಿ:
ಬ್ಯಾಟರಿಗೆ ಟ್ರಿಕಲ್ ಚಾರ್ಜರ್ ಹಾಕಿ ಬಿಡಿ, ತುಂಬಿದ ಮೇಲೆ ತಾನೇ ನಿಲ್ಲೋ ಥರದ್ದು. ಈ ಕಾರುಗಳ ಎಲೆಕ್ಟ್ರಾನಿಕ್ಸ್ ಮೂರು ನಾಲ್ಕು ವಾರದಲ್ಲಿ ಬ್ಯಾಟರಿ ಖಾಲಿ ಮಾಡಬಹುದು. ಟ್ಯಾಂಕ್ ತುಂಬಿಸಿಡಿ, ಖಾಲಿ ಜಾಗದಲ್ಲಿ ತೇವ ಕೂರುತ್ತೆ. ಸಮತಟ್ಟಾದ ಜಾಗವಾದ್ರೆ ಹ್ಯಾಂಡ್‌ಬ್ರೇಕ್ ಬೇಡ, ಚಕ್ರಕ್ಕೆ ಕಟ್ಟೆ ಕೊಡಿ. ಇಲ್ಲಾಂದ್ರೆ ಪ್ಯಾಡು ಡಿಸ್ಕಿಗೆ ಅಂಟಿಕೊಳ್ಳುತ್ತೆ. ಟೈರಿಗೆ ಮಾಮೂಲಿಗಿಂತ ನಾಲ್ಕೈದು ಪೌಂಡ್ ಹೆಚ್ಚು ಗಾಳಿ ಹಾಕಿ, ಆದ್ರೆ ಟೈರಿನ ಪಕ್ಕ ಬರೆದಿರೋ ಗರಿಷ್ಠ ಮಿತಿ ದಾಟಬೇಡಿ. ಒಂದೇ ಕಡೆ ಚಪ್ಪಟೆಯಾಗೋದು ಕಡಿಮೆ. ಭಾನುವಾರ ಹೊರಡೋ ಮೊದಲು ನೆನಪಿಟ್ಟು ಇಳಿಸಿ.

ಸುಮ್ಮನೆ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಟ್ಟು ಆಫ್ ಮಾಡೋದು ಬೇಡ, ಎಕ್ಸಾಸ್ಟಲ್ಲಿ ನೀರು ನಿಲ್ಲುತ್ತೆ, ಆಯಿಲ್ ಕಾಯಲ್ಲ. ಎರಡು ವಾರಕ್ಕೊಮ್ಮೆ 25, 30 ಕಿ.ಮೀ. ಓಡಿಸಿ. ಮೊದಲ ಐದಾರು ಕಿ.ಮೀ. ಮೆಲ್ಲಗೆ, ಆಯಿಲ್ ಮಾತ್ರ ಅಲ್ಲ, ಟೈರೂ ಬಿಸಿಯಾಗಬೇಕು. ಡಿಸ್ಕಿನ ಮೇಲೆ ತುಕ್ಕು ಕೂತಿರುತ್ತೆ, ಮೊದಲ ನಾಲ್ಕೈದು ಬ್ರೇಕು ಕರಕರ ಅನ್ನುತ್ತೆ, ಆ ಹೊತ್ತಿಗೆ ಮುಂದಿನ ಗಾಡಿಗೆ ಹತ್ತಿರ ಹೋಗಬೇಡಿ. ಆಯಿಲನ್ನ ಕಿ.ಮೀ. ನೋಡಿ ಅಲ್ಲ, ವರ್ಷ ನೋಡಿ ಬದಲಾಯಿಸಿ. ಬ್ರೇಕ್ ಫ್ಲೂಯಿಡ್ ಎರಡು ವರ್ಷಕ್ಕೊಮ್ಮೆ, ಅದು ನಿಂತಲ್ಲೇ ತೇವ ಹೀರುತ್ತೆ.

ಮತ್ತೆ ಇವತ್ತೇ ಆ ಟೈರಿನ ನಾಲ್ಕು ಅಂಕಿ ನೋಡಿ ಇಲ್ಲಿ ಹಾಕಿ. ಹುಡುಗನಿಗೆ ಇಪ್ಪತ್ತಾಗೋ ಹೊತ್ತಿಗೆ ಅವಕ್ಕೆ ಎಷ್ಟಾಗಿರುತ್ತೆ ಅಂತ ಲೆಕ್ಕ ಹಾಕಿ ಹೇಳ್ತೀನಿ.